ತಿಂದು ಉಳಿಸಿದ ಕರಿಪುಡಿ

ಹಾಸನದ ಓದುಗರೊಬ್ಬರು ಸಿಟ್ಟಿನಲ್ಲಿ ಬರೆದಿದ್ದಾರೆ: “ಮಲೇರಿಯಾ ಪರಾವಲಂಬಿ ಯಾವ ಕಿಣ್ವದಿಂದ ಹಿಮೋಗ್ಲೋಬಿನ್ ಅರಗಿಸಿಕೊಳ್ಳುತ್ತದೆ ಅಂತ ಹೋದ ಸಂಚಿಕೆಯಲ್ಲಿ ಎರಡು ಪುಟ ತುಂಬಿಸಿದ್ದೀರಿ. ಅದನ್ನು ಕಟ್ಟಿಕೊಂಡು ನಮಗೇನು? ಸೊಳ್ಳೆ ಓಡಿಸುವುದು ಹೇಗೆ ಅಂತ ಬರೆದಿದ್ದರೆ ನಾಲ್ಕು ಜನಕ್ಕೆ ಉಪಯೋಗ ಆಗುತ್ತಿತ್ತು.”

ಸೊಳ್ಳೆಯ ಮಾತು ಒಪ್ಪಿದೆ. ತೊಟ್ಟಿ ಮುಚ್ಚಬೇಕು, ಪರದೆ ಕಟ್ಟಬೇಕು. ಅದನ್ನು ಇನ್ನೊಮ್ಮೆ ಖಂಡಿತ ಬರೆಯುತ್ತೇವೆ. ಆದರೆ ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ಗೊತ್ತಾಗಿದ್ದಾದರೂ ಹೇಗೆ? ನೀವು ಬೇಡ ಅಂದ ಆ ಊಟದ ಕಥೆಯಿಂದಲೇ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಕೆಂಪು ರಕ್ತಕಣದೊಳಗೆ ಹೊಕ್ಕ ಪರಾವಲಂಬಿಗೆ ಅಲ್ಲಿ ಸುಮಾರು 48 ಗಂಟೆ ವಾಸ. ಅಷ್ಟರಲ್ಲಿ ಅದು ಅಲ್ಲಿನ ಹಿಮೋಗ್ಲೋಬಿನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ತಿಂದು ಮುಗಿಸುತ್ತದೆ. ಅದರ ಒಡಲಲ್ಲಿ ಹುಳಿ ತುಂಬಿದ ಒಂದು ಚೀಲ ಇದೆ. ಅಲ್ಲಿ ನಡೆಯುವುದು ಥೇಟ್ ಹಲಸಿನ ಹಣ್ಣು ಬಿಡಿಸುವ ಕೆಲಸ. ಮನೆಯಲ್ಲಿ ಅದನ್ನು ಒಬ್ಬರೇ ಬಿಡಿಸುವುದಿಲ್ಲ ಅಲ್ವಾ? ಒಬ್ಬರು ಕತ್ತಿ ಹಾಕಿ ಸೀಳುತ್ತಾರೆ. ಇಲ್ಲಿ ಅದು ಪ್ಲಾಸ್ಮೆಪ್ಸಿನ್. ಇನ್ನೊಬ್ಬರು ಹೋಳಿನಿಂದ ತೊಳೆ ಬಿಡಿಸುತ್ತಾರೆ, ಅದು ಫಾಲ್ಸಿಪೈನ್. ಮತ್ತೊಬ್ಬರು ತೊಳೆಯನ್ನು ಚೂರು ಮಾಡುತ್ತಾರೆ, ಅದು ಫಾಲ್ಸಿಲೈಸಿನ್. ಎಲ್ಲವೂ ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳೇ. ಒಬ್ಬರು ಬರದಿದ್ದರೂ ಕೆಲಸ ನಿಲ್ಲುವುದಿಲ್ಲ. ಒಂದು ಪ್ಲಾಸ್ಮೆಪ್ಸಿನ್ನಿನ ಜೀನ್ ತೆಗೆದುಹಾಕಿದರೂ ಪರಾವಲಂಬಿ ಬದುಕಿಕೊಂಡಿತು. ಇಷ್ಟೆಲ್ಲ ತಿಂದರೂ ಅದಕ್ಕೊಂದು ಕೊರತೆ ಇದೆ. ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲ ಇಲ್ಲವೇ ಇಲ್ಲ. ಉಪ್ಪಿಗೆ ಪಕ್ಕದ ಮನೆಗೆ ಹೋದ ಹಾಗೆ, ಅದನ್ನು ಕಣದ ಹೊರಗಿನಿಂದ ತರಿಸಿಕೊಳ್ಳುತ್ತದೆ.

ಹಲಸು ಬಿಡಿಸಿದ ಮೇಲೆ ಮೇಣ ಉಳಿಯುತ್ತದಲ್ಲ, ಹಾಗೆ ಇಲ್ಲಿ ಹೀಮ್ ಉಳಿಯುತ್ತದೆ. ಕಬ್ಬಿಣ ಇರುವ ಈ ಹೀಮ್ ಪರಾವಲಂಬಿಗೇ ವಿಷ. ಹಾಗಾಗಿ ಅದನ್ನು ಹರಳು ಮಾಡಿ ಚೀಲದಲ್ಲೇ ಮೂಲೆಗೆ ತಳ್ಳುತ್ತದೆ. ಆ ಹರಳಿನ ಹೆಸರು ಹೀಮೋಜೋಯಿನ್. ಕ್ಲೋರೋಕ್ವಿನ್ ಮಾತ್ರೆ ಮಾಡುವುದು ಇಷ್ಟೇ: ಹೀಮ್ ಹರಳಾಗದಂತೆ ತಡೆಯುತ್ತದೆ. ತಾನು ತಿಂದದ್ದರ ವಿಷಕ್ಕೆ ಪರಾವಲಂಬಿ ತಾನೇ ಸಾಯುತ್ತದೆ.

ಮಂಗಳೂರಿನಲ್ಲಿ ಪ್ರಯೋಗಾಲಯದ ಗೆಳೆಯರೊಬ್ಬರು ನನಗೆ ಒಮ್ಮೆ ರಕ್ತದ ಸ್ಲೈಡ್ ತೋರಿಸಿದರು. ಮೊದಲು ನೀಲಿ ಉಂಗುರಗಳಷ್ಟೇ ಕಂಡವು, ಅವು ಎಳೆಯ ಪರಾವಲಂಬಿಗಳು. ಅವರು ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದರು. ಬಲಿತ ಪರಾವಲಂಬಿಯೊಂದು ಬಂತು, ಅದರೊಳಗೆ ಹೀಮೋಜೋಯಿನ್‌ನ ಕಂದುಗಪ್ಪು ಪುಡಿ, ರಾಗಿ ಹಿಟ್ಟಿನ ತರಿಯ ಹಾಗೆ. “ಇದೇ ಸಾರ್ ಉಂಡ ಎಂಜಲು” ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

1880ರಲ್ಲಿ ಅಲ್ಜೀರಿಯಾದ ಕಾನ್‌ಸ್ಟಂಟೀನ್‌ನಲ್ಲಿ ಫ್ರೆಂಚ್ ಸೇನೆಯ ವೈದ್ಯ ಲಾವೆರಾನ್ ಬೆನ್ನು ಹತ್ತಿದ್ದು ಈ ಪುಡಿಯನ್ನೇ. ಅದರ ಜೊತೆಗೇ ಜೀವಂತ ಪರಾವಲಂಬಿ ಕಣ್ಣಿಗೆ ಬಿತ್ತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಬಿಡಿಸಿ ನೋಡುತ್ತಿದ್ದರು. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಕಣ್ಣುಮಸೂರ ಬಿರುಕು ಬಿಟ್ಟಿತ್ತು. ಸೊಳ್ಳೆಯ ಹೊಟ್ಟೆಗೋಡೆಯಲ್ಲಿ ಅವರಿಗೆ ಪರಾವಲಂಬಿಯ ಗುರುತು ಸಿಕ್ಕಿದ್ದು ಇದೇ ಕರಿಪುಡಿಯಿಂದ. ನೀವು ಕೇಳುವ ಸೊಳ್ಳೆ ನಿಯಂತ್ರಣ ನಿಂತಿರುವುದು ಆ ಗುರುತಿನ ಮೇಲೆ.

ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಔಷಧಿಯನ್ನು ಕೆಲಸಕ್ಕೆ ಹಚ್ಚುವುದೂ ಈ ಊಟದಿಂದ ಬರುವ ಹೀಮ್. ಆಗ್ನೇಯ ಏಷ್ಯಾದಲ್ಲಿ ಅದಕ್ಕೆ ಬಗ್ಗದ ಪರಾವಲಂಬಿಗಳು ಎಳೆಯ ಹಂತದಲ್ಲಿ ಹಿಮೋಗ್ಲೋಬಿನ್ ತಿನ್ನುವುದನ್ನೇ ಕಡಿಮೆ ಮಾಡಿಕೊಂಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಮತ್ತು ಸಂಗಡಿಗರು 1992ರಲ್ಲೇ ಇನ್ನೊಂದು ಸೋಜಿಗ ತೋರಿಸಿದ್ದರು. ಹೀಮ್ ರಾಶಿಯ ನಡುವೆ ಕೂತ ಈ ಜೀವಿ ತನ್ನ ಹೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ! ನಮ್ಮೂರಲ್ಲೇ ನಡೆದ ಇಂಥ ಕೆಲಸ ಕನ್ನಡದಲ್ಲಿ ಎಷ್ಟು ಜನಕ್ಕೆ ಗೊತ್ತು?

ನನ್ನ ಕೊರಗು ಇದೇ. ನಮ್ಮ ಅಜ್ಜಿ ಮಲೆನಾಡಿನವರು. ಚಳಿಜ್ವರ ಬಂದವರ ಹೊಟ್ಟೆಯಲ್ಲಿ ಎಡಗಡೆ ಗಡ್ಡೆ ಬೆಳೆಯುತ್ತೆ, ಅದು ಜ್ವರಗಡ್ಡೆ ಅನ್ನುತ್ತಿದ್ದರು. ಅದು ಯಾಕೆ ಬೆಳೆಯುತ್ತೆ ಅಂತ ತರಗತಿಯಲ್ಲಿ ಕೇಳಿದ್ದಕ್ಕೆ “ಪರೀಕ್ಷೆಗೆ ಬರಲ್ಲ, ಕೂತ್ಕೋ” ಅಂದಿದ್ದರು ಮೇಷ್ಟ್ರು. ಅದು ಊದಿಕೊಂಡ ಗುಲ್ಮ, ಕೆಟ್ಟ ರಕ್ತಕಣಗಳ ಜೊತೆ ಈ ಕರಿಪುಡಿಯನ್ನೂ ಸೋಸಿ ಇಟ್ಟುಕೊಂಡು ಕಪ್ಪಾಗುತ್ತದೆ ಅಂತ ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಅಜ್ಜಿ ಇರಲಿಲ್ಲ. ಇವತ್ತಿನ ಆರೋಗ್ಯ ಪುಟಗಳಲ್ಲೂ ಸುಮ್ನೆ ಹತ್ತು ಸಲಹೆ, ಐದು ಮನೆಮದ್ದು. ಯಾಕೆ ಎನ್ನುವುದಕ್ಕೆ ಜಾಗವೇ ಇಲ್ಲ. ಅದನ್ನೆಲ್ಲ ಇಂಗ್ಲಿಷ್ ಬಲ್ಲವರು ಓದಿಕೊಳ್ಳಲಿ, ಕನ್ನಡದವರಿಗೆ ಪರದೆ ಕಟ್ಟಿ ಅಂದರೆ ಸಾಕು ಅಂತ ತೀರ್ಮಾನ ಮಾಡಿದವರು ಯಾರು? ನೀವಂತೂ ಆ ಮಾತಿಗೆ ದನಿಗೂಡಿಸಬೇಡಿ. ಎರಡು ಪುಟವನ್ನೂ ಕೊನೆಯವರೆಗೆ ಓದಿದ್ದೀರಿ ಅಂತ ನಿಮ್ಮ ಕಾಗದವೇ ಹೇಳುತ್ತದೆ.

ನಿಮ್ಮೂರಿನ ಪ್ರಯೋಗಾಲಯದಲ್ಲಿ ಹಳೆಯ ಮಲೇರಿಯಾ ಸ್ಲೈಡ್ ಇದ್ದರೆ ಒಮ್ಮೆ ಕೇಳಿ ನೋಡಿ. ಉಂಗುರಗಳನ್ನು ದಾಟಿ ಬಲಿತದ್ದನ್ನು ಹುಡುಕಿ. ಕಂಡದ್ದನ್ನು ನಮಗೆ ಬರೆಯಿರಿ, ಅಚ್ಚು ಹಾಕುತ್ತೇವೆ.

— ಸಂ.