ಸಂಜೆ ಹೊತ್ತು ತೀನ್ ಕಂದೀಲ್‌ಗೆ ಹೋಗಿ

ರಾಯಚೂರಿನ ಓದುಗರೊಬ್ಬರು ಬರೆಯುತ್ತಾರೆ: ‘ಮಗಳು ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದಾಳೆ. ಇನ್ನು ನಗರ ಯೋಜನೆಯನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಅದರಲ್ಲಿಯೂ ಸಾರಿಗೆ, ವಸತಿ, ಪರಿಸರ, ಪ್ರಾದೇಶಿಕ ಎಂದು ಕವಲುಗಳಿವೆಯಂತೆ. ಯಾವುದನ್ನು ಹಿಡಿದರೆ ಒಳ್ಳೆಯದು? ಅಷ್ಟಕ್ಕೂ ಇದು ಬೆಂಗಳೂರಿನವರ ಓದಲ್ಲವೇ?’

ಮಾನ್ಯರೇ,

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ: ಅಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ನಿಮ್ಮ ಊರಿಗೂ ಅನ್ವಯಿಸುತ್ತದೆ. ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಬಯಲು ಎಂದು ಬಣ್ಣ ಹಚ್ಚಿದ ನಕ್ಷೆ ರಾಯಚೂರಿಗೂ ಬೇಕು. ಹಚ್ಚುವವರಿಗೆ ಊರಿನ ಗಲ್ಲಿಗಳು ಗೊತ್ತಿದ್ದರೆ ನಷ್ಟವೇನಿಲ್ಲ.

ಮಗಳನ್ನು ಒಂದು ಸಂಜೆ ನಿಮ್ಮೂರಿನ ತೀನ್ ಕಂದೀಲ್ ವೃತ್ತಕ್ಕೆ ಕರೆದುಕೊಂಡು ಹೋಗಿ. ಆ ಇಕ್ಕಟ್ಟಿನಲ್ಲಿ ಅವಳ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡಿ. ಯಾವ ಆಟೊ ಎಲ್ಲಿಂದ ಬಂತು, ಎಷ್ಟು ಹೊತ್ತು ನಿಂತಿತು ಎಂದು ಎಣಿಸುವ ಮನಸ್ಸಾದರೆ ಅವಳದು ಸಾರಿಗೆ. ಅದಕ್ಕೆ ಲೆಕ್ಕ ಬೇಕು. ಸಿವಿಲ್ ಓದಿದವಳಿಗೆ ಕಷ್ಟವಾಗದು. ತಳ್ಳುಗಾಡಿಯವನು ರಾತ್ರಿ ಮಲಗುವುದೆಲ್ಲಿ, ಆ ಮನೆಗೆ ಹಕ್ಕುಪತ್ರವಿದೆಯೇ ಎಂಬ ಯೋಚನೆ ಬಂದರೆ ವಸತಿ. ಚರಂಡಿ ನೀರು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ತಲೆಯಲ್ಲಿ ಕೂತಿದ್ದರೆ ಪರಿಸರ.

ನನ್ನ ಒಲವು ಮಾತ್ರ ಪ್ರಾದೇಶಿಕ ಯೋಜನೆಯ ಕಡೆಗೆ. ಇಷ್ಟು ಜನ ಎಲ್ಲಿಂದ ಬಂದರು, ಏಕೆ ಬಂದರು ಎಂದು ಕೇಳುವ ವಿದ್ಯೆ ಅದು. ದೊಡ್ಡ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಜವಳಿಗೆ ದೇವದುರ್ಗದವರು ರಾಯಚೂರಿನ ಬಸ್ಸನ್ನೇ ಹತ್ತಬೇಕಾದರೆ, ರಾಯಚೂರಿನ ರಸ್ತೆಯನ್ನು ಎಷ್ಟು ಅಗಲಿಸಿದರೂ ಸಾಲದು. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಸರ್ಕಾರ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ದೇವದುರ್ಗವೂ ಆ ಪಟ್ಟಿಯಲ್ಲಿದೆ. ಭಾಷಣಗಳಲ್ಲಿ ಆ ವರದಿಯ ಹೆಸರು ಕೇಳಿ ಕೇಳಿ ನಮಗೆಲ್ಲ ಬೇಸರ ಬಂದಿರಬಹುದು. ಅದರ ಕೋಷ್ಟಕಗಳನ್ನು ಅವಳು ಒಮ್ಮೆ ಬಿಡಿಸಿ ನೋಡಲಿ. ನಿದ್ದೆ ಬಂದರೆ ಈ ಕವಲು ಬೇಡ. ಕೆಲಸದ ಮಟ್ಟಿಗೆ ಇದು ಸಾರಿಗೆಗಿಂತ ನಿಧಾನ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಸ್ನಾತಕೋತ್ತರ ಪದವಿಗಳಿವೆ. ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆ ಒಂದೇ ಪದವಿಯೊಳಗೆ ಬರುತ್ತವೆ. ಇನ್ನೂ ಮನಸ್ಸು ಗಟ್ಟಿ ಮಾಡಿಕೊಳ್ಳದವರಿಗೆ ಅದೇ ಮೇಲು. ಸ್ನಾತಕೋತ್ತರ ಪ್ರವೇಶಕ್ಕೆ ನೆರವಾಗುವ ಗೇಟ್ ಪರೀಕ್ಷೆಯನ್ನು ಬರೆಸಿ. ಮುಂದೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವುದಿದ್ದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯಡಿ ಸಿಗುವ ಮೀಸಲಾತಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಕೊನೆಯ ದಿನ ಓಡಾಡುವವರ ಸಾಲಿನಲ್ಲಿ ನೀವು ನಿಲ್ಲುವುದು ಬೇಡ.

– ಸಂಪಾದಕ