ಕೇಳಿ, ಹೇಳ್ತೀನಿ: ಮಿಂಚು ಕಾಣದೆ ಕೇಳಿದ ಗ್ಲಾಮ್ ರಾಕ್

ಹೋದ ಸಲ ಟಿ. ರೆಕ್ಸ್ ಅನ್ನೋ ಗ್ಲಾಮ್ ರಾಕ್ ಬ್ಯಾಂಡಿನ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟು ಕಾಗದ ಬಂದಾವೆ. ಗ್ಲಾಮ್ ಅಂದ್ರೆ ಹೊಳೆಯೋ ಬಟ್ಟೆ, ಬಣ್ಣ, ಮಿನುಗು ಹಚ್ಕೊಂಡು ಹಾಡೋ ರಾಕ್ ಸಂಗೀತ. ಬಳ್ಳಾರಿ ರಾಯಚೂರು ಕೊಪ್ಪಳ ಕಡೆ ಎಪ್ಪತ್ತರ ದಶಕದ ಬ್ರಿಟಿಷ್ ಬ್ಯಾಂಡುಗಳನ್ನ ಇನ್ನೂ ನೆನಪಿಟ್ಟುಕೊಂಡವರು ಇಷ್ಟು ಜನ ಇದಾರಾ ಅಂತ ತುಂಬಾ ಖುಷಿ ಆಯ್ತು.

ಪ್ರಶ್ನೆ: 1974ರಿಂದ 77ರ ತನಕ ಬಳ್ಳಾರಿಯಲ್ಲಿ ಕಾಲೇಜು ಓದ್ತಾ ರಾತ್ರಿ ರೇಡಿಯೋದಲ್ಲಿ ಸ್ಲೇಡ್, ಸ್ವೀಟ್, ಮಡ್ ಎಲ್ಲಾ ಕೇಳ್ತಿದ್ದೆ. ಈಗ ಮಗ ಯೂಟ್ಯೂಬಲ್ಲಿ ಅವರ ವಿಡಿಯೋ ತೋರಿಸಿ, ಇದು ಬರೀ ವೇಷ ಅಪ್ಪಾ, ಮ್ಯೂಸಿಕ್ ಎಲ್ಲೈತೆ ಅಂತಾನೆ. ಏನ್ ಹೇಳ್ಲಿ? (ಗಂಗಾವತಿಯ ನಿವೃತ್ತ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ಉತ್ತರ ನಿಮ್ಮ ಕಾಗದದಲ್ಲೇ ಐತೆ. ನೀವು ಕೇಳಿದ್ದು ರೇಡಿಯೋದಲ್ಲಿ, ಆ ವೇಷ ನಿಮಗೆ ಕಂಡಿರಲೇ ಇಲ್ಲ, ಆದ್ರೂ ಹಾಡು ಹಿಡಿಸ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಏನ್ ಬೇಕು? ಕೌಲ್ ಬಜಾರಿನ ನಮ್ಮ ಮನೆ ಮಾಳಿಗೆ ಮೇಲೆ ಬೇಸಿಗೆ ರಾತ್ರಿ ಚಾಪೆ ಹಾಸ್ಕೊಂಡು, ಬೇವಿನ ಮರಕ್ಕೆ ತಾಮ್ರದ ತಂತಿ ಕಟ್ಟಿ, ಮರ್ಫಿ ರೇಡಿಯೋ ಮುಳ್ಳನ್ನ ಕೂದಲೆಳೆ ಅಷ್ಟು ತಿರುಗಿಸಿ ತಿರುಗಿಸಿ ಬಿಬಿಸಿ ವರ್ಲ್ಡ್ ಸರ್ವಿಸ್ ಹಿಡೀತಿದ್ವಿ. ಶಾರ್ಟ್‌ವೇವ್ ಅಂದ್ರೆ ಗೊತ್ತಲ್ಲ, ಒಂದು ಸಾಲು ಕೇಳ್ಸುತ್ತೆ, ಇನ್ನೊಂದು ಸಾಲು ಸಮುದ್ರದ ಅಲೆ ಹಂಗೆ ಹಿಂದಕ್ಕೆ ಹೋಗಿಬಿಡುತ್ತೆ. ಗಿಟಾರು ಹೋದ್ರೂ ಮಾತು ಹೋದ್ರೂ ಆ ಡ್ರಮ್ಮು ಮಾತ್ರ ಹೋಗ್ತಿರಲಿಲ್ಲ, ಧಡ್ ಧಡ್ ಅಂತ ಬರ್ತಾನೇ ಇರೋದು. ಮನೆಗೆ ಟಿವಿ ಬರೋ ಹೊತ್ತಿಗೆ ಆ ಕಾಲವೇ ಮುಗಿದಿತ್ತು.

ಇನ್ನು ವೇಷದ ಮಾತು. 1971ರಲ್ಲಿ ಟಿ. ರೆಕ್ಸಿನ ಮಾರ್ಕ್ ಬೋಲನ್ 'ಹಾಟ್ ಲವ್' ಹಾಡೋಕೆ ಬಿಬಿಸಿಯ ಟಾಪ್ ಆಫ್ ದಿ ಪಾಪ್ಸ್ ಅನ್ನೋ ಟಿವಿ ಕಾರ್ಯಕ್ರಮಕ್ಕೆ ಬಂದಾಗ ಕಣ್ಣಿನ ಕೆಳಗೆ ಮಿನುಗೋ ಪುಡಿ ಹಚ್ಕೊಂಡಿದ್ದ, ಗ್ಲಾಮ್ ಶುರುವಾಗಿದ್ದೇ ಅಲ್ಲಿಂದ ಅಂತ ಬಹಳ ಜನ ಹೇಳ್ತಾರೆ. ಆ ಹಾಡು ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಆರು ವಾರ ನಂಬರ್ ಒನ್ ಆಗಿತ್ತು. ಮುಂದಿನ ವರ್ಷ ಜುಲೈಯಲ್ಲಿ ಡೇವಿಡ್ ಬೋವಿ ಅದೇ ಕಾರ್ಯಕ್ರಮದಲ್ಲಿ ಕೆಂಪು ಕೂದಲು ಬಿಟ್ಕೊಂಡು ಪಕ್ಕದ ಗಿಟಾರಿಸ್ಟಿನ ಹೆಗಲ ಮೇಲೆ ಕೈ ಹಾಕಿ ಹಾಡಿದ. ಅವರ ಊರವರಿಗೆ ಅದು ದಿಗಿಲು. ನಮಗೆ ಏನು ಹೊಸದು ಹೇಳಿ? ನಮ್ಮ ಕಡೆ ದೊಡ್ಡಾಟದಲ್ಲಿ ಗಂಡಸರೇ ಹೆಣ್ಣು ಪಾತ್ರ ಮಾಡ್ತಿದ್ರು, ಬೇಗಡೆ ಹಚ್ಚಿದ ಭುಜಕೀರ್ತಿ, ಕನ್ನಡಿ ಚೂರು ಕೂರಿಸಿದ ಕಿರೀಟ, ಗೆಜ್ಜೆ ಕಟ್ಟಿದ ಕಾಲಲ್ಲಿ ಅಟ್ಟ ನಡುಗೋ ಹಂಗೆ ಹೆಜ್ಜೆ. ಅದನ್ನ ನೋಡಿ ಬರೀ ವೇಷ, ಹಿಮ್ಮೇಳ ಇಲ್ಲ ಅಂತ ಯಾರಾದ್ರೂ ಎದ್ದು ಹೋಗ್ತಿದ್ರಾ? ವೇಷ, ಮದ್ದಳೆ, ಹೆಜ್ಜೆ ಮೂರೂ ಸೇರಿದ್ರೇನೇ ಆಟ. ಗ್ಲಾಮೂ ಹಂಗೇನೇ.

ಮಗನಿಗೆ ಇನ್ನೊಂದು ಮಾತೂ ಹೇಳಿ. 1974ರ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಕಲ್ಲಿದ್ದಲಿಗೆ ತತ್ವಾರ, ಕರೆಂಟ್ ಉಳಿಸೋಕೆ ಕಾರ್ಖಾನೆಗಳು ವಾರಕ್ಕೆ ಮೂರೇ ದಿನ ನಡೀಬೇಕು ಅಂತ ಸರ್ಕಾರ ಆರ್ಡರ್ ಮಾಡಿತ್ತು. ಆ ಹೊತ್ತಲ್ಲೇ ಮಡ್ ಬ್ಯಾಂಡಿನ 'ಟೈಗರ್ ಫೀಟ್' ನಾಲ್ಕು ವಾರ ನಂಬರ್ ಒನ್ ಆಗಿ ಕೂತಿತ್ತು. ಕರೆಂಟ್ ಕಾದು ಕಾದು ಸಾಕಾದ ನಮಗೆ ಅದು ಚೆನ್ನಾಗೇ ಅರ್ಥ ಆಗುತ್ತೆ, ಮನೆಯಲ್ಲಿ ಕತ್ತಲೆ ಇದ್ದಾಗಲೇ ಜನಕ್ಕೆ ಹೊಳೆಯೋ ಅಂಗಿ ಬೇಕಾಗೋದು.

ಪ್ರಶ್ನೆ: ಸ್ಲೇಡ್ ಹಾಡುಗಳ ಹೆಸರಲ್ಲಿ ಸ್ಪೆಲ್ಲಿಂಗ್ ಎಲ್ಲಾ ತಪ್ಪು ಯಾಕೆ? (ಬಳ್ಳಾರಿಯ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ತಪ್ಪಲ್ಲಮ್ಮಾ, ಬೇಕಂತಲೇ ಬರೆದಿದ್ದು, ಅವರ ಕಡೆ ಮಾತಾಡೋ ಹಂಗೆ. ಸ್ಲೇಡ್ ಲಂಡನ್ನಿನವರಲ್ಲ, ವುಲ್ವರ್‌ಹ್ಯಾಂಪ್ಟನ್ ಸುತ್ತಿನವರು, ಬ್ಲ್ಯಾಕ್ ಕಂಟ್ರಿ ಅಂತಾರೆ, ಕಬ್ಬಿಣ, ಕಲ್ಲಿದ್ದಲು, ಕುಲುಮೆಯ ಸೀಮೆ. ಅದಿರಿನ ಧೂಳು ಕುಡಿದು ಬೆಳೆದ ನಮಗೆ ಅವರು ನೆಂಟರಿದ್ದಂಗೆ. ನಾವು 'ಐತೆ' ಅಂತ ಬರೆದ್ರೆ ಕೆಲವರು ತಿದ್ದೋಕೆ ಬರ್ತಾರಲ್ಲ, ಅದೇ ಜಗಳ ಅಲ್ಲೂ ಇತ್ತು, ಅವರ ಟೀಚರುಗಳೂ ಗೊಣಗಿದ್ರು. 1971ರಲ್ಲಿ ಅಂಥ ಸ್ಪೆಲ್ಲಿಂಗಿನ ಮೊದಲನೇ ಹಾಡೇ ನಂಬರ್ ಒನ್ ಆಯ್ತು, ಅದರಲ್ಲಿ ಪಿಟೀಲೂ ಐತೆ ಬೂಟುಗಾಲಿನ ಸದ್ದೂ ಐತೆ. ಒಟ್ಟು ಆರು ನಂಬರ್ ಒನ್.

ಆದ್ರೆ ನನಗೆ ಸ್ಲೇಡ್ ಅಂದ ಕೂಡಲೇ ಮನಸ್ಸಿಗೆ ಬರೋದು ಡ್ರಮ್ಮರ್ ಡಾನ್ ಪವೆಲ್. 1973ರ ಜುಲೈಯಲ್ಲಿ ಕಾರ್ ಆಕ್ಸಿಡೆಂಟ್, ಮದುವೆ ಆಗಬೇಕಿದ್ದ ಹುಡುಗಿ ತೀರಿಕೊಂಡಳು, ಇವನು ದಿನಗಟ್ಟಲೆ ಕೋಮಾದಲ್ಲಿದ್ದು ಎದ್ದ. ಎದ್ದ ಮೇಲೆ ನೆನಪು ನಿಲ್ತಾ ಇರಲಿಲ್ಲ, ಸ್ಟೇಜ್ ಮೇಲೆ ಮುಂದಿನ ಹಾಡು ಹೆಂಗೆ ಶುರು ಆಗುತ್ತೆ ಅಂತ ಜೊತೆಯವರು ಹೇಳಿಕೊಡಬೇಕಿತ್ತಂತೆ. ಅದೇ ವರ್ಷ ಅಮೆರಿಕಾಗೆ ಹೋಗಿ ನ್ಯೂಯಾರ್ಕಿನ ಬಿಸಿಲಲ್ಲಿ ಅವರೆಲ್ಲಾ ಸೇರಿ ಕ್ರಿಸ್‌ಮಸ್ ಹಾಡು ರೆಕಾರ್ಡ್ ಮಾಡಿದ್ರು, ಅದು ಇವತ್ತಿಗೂ ಡಿಸೆಂಬರ್ ಬಂದ್ರೆ ಬ್ರಿಟನ್ನಿನ ಅಂಗಡಿ ಅಂಗಡಿಯಲ್ಲೂ ಕೇಳುತ್ತೆ. ಆ ಡ್ರಮ್ಮಿನ ಪೆಟ್ಟು ಕೇಳುವಾಗ ಅವನ ಕಥೆ ನೆನಪಿಟ್ಕೊಂಡು ಕೇಳು.

ಪ್ರಶ್ನೆ: ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ನಮ್ಮ ದೇಶದಾಗ ಓದ್ಯಾನಂತ, ಖರೇನಾ? (ರಾಯಚೂರು)

ಉತ್ತರ: ಖರೇ ಐತ್ರಿ. ಹುಟ್ಟಿದ್ದು 1946ರಲ್ಲಿ ಜಾಂಜಿಬಾರಿನಲ್ಲಿ, ಪಾರ್ಸಿ ಮನೆತನ, ಹೆಸರು ಫರ್ರೋಖ್ ಬುಲ್ಸಾರಾ. ಓದಿದ್ದು ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ, ಅಲ್ಲೇ ಹುಡುಗರ ಬ್ಯಾಂಡ್ ಕಟ್ಟಿ ಪಿಯಾನೋ ಬಾರಿಸ್ತಿದ್ದ.

ಪ್ರಶ್ನೆ: ತೀರಿಹೋದ ನಮ್ಮಣ್ಣನ ಟ್ರಂಕಲ್ಲಿ ಟಿ. ರೆಕ್ಸ್‌ದು ಒಂದು ಸಣ್ಣ ರೆಕಾರ್ಡ್ ಸಿಕ್ತು, 45 ಆರ್‌ಪಿಎಂ. ಸ್ವಲ್ಪ ಸೊಟ್ಟ ಆಗೈತೆ. ಮಾರಿದ್ರೆ ಏನಾದ್ರೂ ಬರುತ್ತಾ? (ಕೊಪ್ಪಳದ ಓದುಗರು)

ಉತ್ತರ: ದಯವಿಟ್ಟು ಮಾರಬೇಡ್ರಿ. ಸೊಟ್ಟ ಆದ ರೆಕಾರ್ಡಿಗೆ ಯಾರೂ ಒಳ್ಳೆ ರೇಟ್ ಕೊಡಲ್ಲ, ಅದು ಆಮೇಲಿನ ಮಾತು. ನಿಮ್ಮಣ್ಣ ಅದನ್ನ ಯಾವ ಊರಿಂದ ಹುಡುಕಿ ತಂದಿದ್ರೋ, ನಮ್ಮ ಕಡೆ ಅಂಥ ರೆಕಾರ್ಡ್ ಆವಾಗ ಸುಲಭಕ್ಕೆ ಸಿಗ್ತಿರಲಿಲ್ಲ. ಮಾರ್ಕ್ ಬೋಲನ್ ಲಾರಿ ಡ್ರೈವರ್ ಮಗ, ತನ್ನ ಹಾಡುಗಳಲ್ಲಿ ಕಾರುಗಳ ಮಾತೇ ಮಾತು, ಆದ್ರೆ ಡ್ರೈವಿಂಗ್ ಮಾತ್ರ ಕಲೀಲಿಲ್ಲ. 1977ರ ಸೆಪ್ಟೆಂಬರ್ 16ರ ಬೆಳಗಿನ ಜಾವ ಲಂಡನ್ನಿನ ಬಾರ್ನ್ಸ್ ಹತ್ರ ಅವನು ಕೂತಿದ್ದ ಕಾರು ಮರಕ್ಕೆ ಬಡೀತು, ಮೂವತ್ತು ತುಂಬೋಕೆ ಎರಡೇ ವಾರ ಬಾಕಿ ಇತ್ತು. ಆ ಮರದ ಹತ್ರ ಜನ ಇವತ್ತಿಗೂ ಹೂವು ಇಟ್ಟು ಬರ್ತಾರೆ.

ರೆಕಾರ್ಡ್ ಸೊಟ್ಟ ಆಗಿದ್ದು ನಮ್ಮ ಬಿಸಿಲಿಗೆ. ತಗಡಿನ ಟ್ರಂಕಲ್ಲಿ ಇಡಬೇಡಿ, ಒಂದರ ಮೇಲೊಂದು ಪೇರಿಸಬೇಡಿ, ಗೋಡೆ ಕಪಾಟಲ್ಲಿ ಪುಸ್ತಕದ ಹಂಗೆ ನೆಟ್ಟಗೆ ನಿಲ್ಲಿಸಿ. ಮೆತ್ತನೆ ಬಟ್ಟೆಯಲ್ಲಿ ಗೆರೆ ಹೋದ ಕಡೆಗೇ ಸುತ್ತ ಒರೆಸಿ, ಅಡ್ಡ ಉಜ್ಜಬೇಡಿ, ಮಧ್ಯದ ಚೀಟಿಗೆ ನೀರು ತಾಗಬಾರದು. ಸ್ವಲ್ಪ ಸೊಟ್ಟ ಇದ್ರೂ ಮುಳ್ಳು ಓಡುತ್ತೆ, ಹಾಡು ಒಂಚೂರು ಅಲೆ ಅಲೆಯಾಗಿ ಬರುತ್ತೆ ಅಷ್ಟೇ. ಪ್ಲೇಯರ್ ಇಲ್ಲ ಅಂದ್ರೆ ಪತ್ರಿಕೆ ವಿಳಾಸಕ್ಕೆ ಒಂದು ಕಾಗದ ಹಾಕಿ, ನಮ್ಮನೇದು ಇನ್ನೂ ಕೆಲಸ ಮಾಡ್ತೈತೆ, ಭಾನುವಾರ ರೆಕಾರ್ಡ್ ತಗೊಂಡು ಬಳ್ಳಾರಿಗೆ ಬನ್ನಿ.