ಮೀನು ಹೊತ್ತ ಹಳೆ 407ರ ಚಾಸಿಗೆ ಯಾವ ಬಣ್ಣ?

ಕುಂದಾಪುರದ ಕಡೆ ಮೀನು ಸಾಗಿಸುತ್ತಿದ್ದ ಅಪ್ಪನ ಕಾಲದ ಸಣ್ಣ ಲಾರಿ ಟಾಟಾ 407ನ್ನು ಪೂರ್ತಿ ಬಿಚ್ಚಿ ಸರಿ ಮಾಡಿಸುತ್ತಿದ್ದೇನೆ ಅಂದಿದ್ದೀರಿ. ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ರೆಡ್ ಆಕ್ಸೈಡ್ ಸಾಕಾ, ಎಪಾಕ್ಸಿ ಬೇಕಾ, ತುಕ್ಕಿನ ಮೇಲೇ ಬಳಿಯುವ ಬಣ್ಣವನ್ನು ನಂಬಬಹುದಾ ಅನ್ನುವುದು ನಿಮ್ಮ ಪ್ರಶ್ನೆ.

ನಮ್ಮ ಮನೆಯಲ್ಲೂ ಮಲ್ಪೆಯಿಂದ ಮೀನು ಹೊರುವ 407 ಇತ್ತು. ಅದರಿಂದ ಕಲಿತದ್ದನ್ನು ಹೇಳುತ್ತೇನೆ. ಇಡೀ ಗಾಡಿಗೆ ಒಂದೇ ಡಬ್ಬಿ ಆಗುವುದಿಲ್ಲ. ಕಬ್ಬಿಣ ಹೊಳೆಯುವಷ್ಟು ಉಜ್ಜಲು ಆಗುವ ಜಾಗಕ್ಕೆ ಒಂದು, ಕೈಯೇ ಹೋಗದ ಸಂದಿಗೆ ಇನ್ನೊಂದು.

ನಾವು ಮೊದಲ ಸಲ ಗ್ಯಾರೇಜಿಗೆ ಬಿಟ್ಟಾಗ ವೈರ್ ಬ್ರಷ್ ಹೊಡೆದು, ಒಂದು ಕೋಟು ರೆಡ್ ಆಕ್ಸೈಡ್ ಬಳಿದು, ಮೇಲೆ ಕಪ್ಪು ಎನಾಮೆಲ್ ಹೊಡೆದು ಕೊಟ್ಟರು. ನೋಡಲು ಹೊಸ ಗಾಡಿ! ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಕಾರಣ ಕೆಳಗೆ ಉಳಿದಿದ್ದ ಉಪ್ಪು. ಐಸ್ ಕರಗಿದ ನೀರು ಮೀನಿನ ಉಪ್ಪನ್ನೂ ಹೊತ್ತು ಬಾಡಿಯ ಸಂದಿಯಿಂದ ಚಾಸಿಗೆ ಇಳಿಯುತ್ತದೆ. ತುಕ್ಕಿನ ಗುಳಿಯೊಳಗೆ ಕೂತ ಉಪ್ಪು ಕಣ್ಣಿಗೆ ಕಾಣುವುದಿಲ್ಲ. ಬಣ್ಣದ ಅಡಿಯಲ್ಲೇ ಅದು ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಉಜ್ಜುವ ಮೊದಲು ಒಮ್ಮೆ, ಉಜ್ಜಿದ ಮೇಲೆ ಇನ್ನೊಮ್ಮೆ ಸಿಹಿನೀರಿನಲ್ಲಿ ಪ್ರೆಷರ್ ಹಾಕಿ ತೊಳೆಸಿ, ಗಾಳಿ ಹೊಡೆಸಿ ಒಣಗಿಸಿ. ನಿಮ್ಮದು ಮೀನಿನ ಗಾಡಿ, ಇದನ್ನು ಬಿಡಲೇಬೇಡಿ.

ತೊಳೆದ ಮೇಲೆ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟಿ ನೋಡಿ. ಸದ್ದು ಮಂಕಾದ ಕಡೆ, ಚಕ್ಕೆ ಉದುರಿದ ಕಡೆ ಕಬ್ಬಿಣ ಸವೆದಿರುತ್ತದೆ. ಸವೆದ ಚಾಸಿಗೆ ಯಾವ ಬಣ್ಣವೂ ಬಲ ಕೊಡುವುದಿಲ್ಲ. ಅದು ಚಾಸಿ ಕೆಲಸ ಗೊತ್ತಿರುವ ವೆಲ್ಡರ್ ನೋಡಬೇಕಾದ ಜಾಗ.

ಈಗ ಬಣ್ಣದ ಮಾತು. ರೆಡ್ ಆಕ್ಸೈಡ್‌ನ ಕೆಂಪು ಪುಡಿ ಕೂಡ ಐರನ್ ಆಕ್ಸೈಡೇ. ಸಾದಾ ರೆಡ್ ಆಕ್ಸೈಡ್ ಪ್ರೈಮರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಮನೆಯ ಕಿಟಕಿ ಸರಳಿಗೆ ಸರಿ, ಉಪ್ಪುನೀರು ಬೀಳುವ ಚಾಸಿಗೆ ಸಾಲದು. ಚಾಸಿ ಬಿಚ್ಚಿದ್ದೀರಿ ಅಲ್ವಾ, ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಒರಟು ಕಣ ಹೊಡೆದು ತುಕ್ಕು ತೆಗೆಯುವುದು) ಮಾಡಿಸಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹಾಕಿಸಿ. ನಮ್ಮ ಕರಾವಳಿ ಗಾಳಿಗೆ ಬರಿ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ, ಅದಕ್ಕೇ ಮೊದಲ ಕೋಟು ಅದೇ ದಿನ ಬೀಳಬೇಕು. ಸ್ಪ್ರೇ ಮಾಡುವ ಮೊದಲು ಅಂಚು, ಬೋಲ್ಟಿನ ತೂತು, ವೆಲ್ಡಿಂಗ್ ಗೆರೆಗಳಿಗೆ ಬ್ರಷ್‌ನಲ್ಲಿ ಒಂದು ಕೋಟು ಕೊಡಿ. ಬಣ್ಣ ಅಂಚಿನಲ್ಲೇ ತೆಳುವಾಗುತ್ತದೆ, ತುಕ್ಕೂ ಅಲ್ಲಿಂದಲೇ ಶುರು. ಎಪಾಕ್ಸಿ ಬಿಸಿಲಿಗೆ ಸುಣ್ಣದ ಹಾಗೆ ಪುಡಿಪುಡಿ ಆಗುತ್ತದೆ, ಆದ್ದರಿಂದ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣದ ಕೋಟು ಬೇಕು. ಎಷ್ಟು ಗಂಟೆಯೊಳಗೆ ಮೇಲಿನ ಕೋಟು ಹಾಕಬೇಕು ಎಂಬುದು ಆ ಬಣ್ಣದ ಮಾಹಿತಿ ಹಾಳೆಯಲ್ಲಿರುತ್ತದೆ. ಆ ಹೊತ್ತು ದಾಟಿದರೆ ಎಮರಿ ಪೇಪರ್ ಹಾಕಿ ಉಜ್ಜದೆ ಬಳಿಯಬೇಡಿ.

ಸಮಯದ ವಿಷಯದಲ್ಲಿ ನಮ್ಮ ಕಡೆ ಒಂದು ತೊಡಕಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಾಡಿ ಖಾಲಿ ನಿಲ್ಲುವುದೇ ಆಗ, ಬಣ್ಣಕ್ಕೆ ಅತಿ ಕೆಟ್ಟ ಕಾಲವೂ ಅದೇ. ಗಾಳಿಯ ತೇವ ಶೇಕಡಾ 85 ದಾಟಿದರೆ ಎಪಾಕ್ಸಿ ಕೆಲಸ ಮಾಡಬಾರದು. ಜನವರಿ, ಫೆಬ್ರವರಿ ನೋಡಿ. ಆಗಲೂ ಬೆಳಿಗ್ಗೆ ಕಬ್ಬಿಣದ ಮೇಲೆ ಇಬ್ಬನಿ ಇರುತ್ತದೆ, ಬಿಸಿಲು ಏರಿದ ಮೇಲೆ ಶುರು ಮಾಡಿ.

ತುಕ್ಕನ್ನೇ ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್‌ಗಳಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ. ಗುಳಿಯಲ್ಲಿ ಉಳಿದ ತೆಳು ತುಕ್ಕಿಗೆ ಸರಿ, ಚಕ್ಕೆ ತುಕ್ಕಿಗೆ ಅಲ್ಲ. ಆಮ್ಲ ಉಳಿದರೆ ಮೇಲಿನ ಎಪಾಕ್ಸಿ ಸರಿಯಾಗಿ ಗಟ್ಟಿಯಾಗದೆ ಬಿಟ್ಟುಕೊಳ್ಳಬಹುದು. ಸ್ಪ್ರಿಂಗ್ ಪ್ಲೇಟುಗಳಿಗಂತೂ ಆಮ್ಲ ಮುಟ್ಟಿಸಲೇಬೇಡಿ. ಗಡಸು ಉಕ್ಕು ಅದರಿಂದ ಬಿರುಕು ಬಿಡುವ ಅಪಾಯವಿದೆ. ತುಕ್ಕಿನ ಮೇಲೇ ಬಳಿಯುವ ಪಿಓಆರ್-15 ಥರದ ಬಣ್ಣ ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ. ಬ್ಲಾಸ್ಟಿಂಗ್ ಆಗದ ಒರಟು ಜಾಗಕ್ಕೆ ಒಳ್ಳೆಯದು. ನುಣುಪಾದ ಹೊಸ ತಗಡಿಗೆ ಅಷ್ಟು ಚೆನ್ನಾಗಿ ಅಂಟುವುದಿಲ್ಲ. ಈ ಬಣ್ಣದಲ್ಲೂ, ಪಿಯು ಬಣ್ಣ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲೂ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಿಮ್ಮ ಪೇಂಟರ್‌ಗೆ ಸರಿಯಾದ ಮಾಸ್ಕ್ ನೀವೇ ತಂದುಕೊಡಿ.

ಇನ್ನು ಸಂದಿಗಳು. ಚಾನೆಲ್ ಮೇಲೆ ಚಾನೆಲ್ ಕೂರುವ ಕಡೆ, ರಿವೆಟ್ ಹೊಡೆದ ಪಟ್ಟಿಗಳ ಒಳಗೆ ಯಾವ ಬ್ರಷ್ಷೂ ಹೋಗುವುದಿಲ್ಲ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಉಬ್ಬಿ ಪಟ್ಟಿಗಳನ್ನೇ ಬೇರೆ ಮಾಡುತ್ತದೆ. ಒಳಗೆ ತುಕ್ಕು ಇಟ್ಟುಕೊಂಡು ಬಾಯಿಗೆ ಗಟ್ಟಿ ಬಣ್ಣ ಅಥವಾ ಡಾಂಬರಿನಂಥ ಅಂಡರ್‌ಬಾಡಿ ಕೋಟಿಂಗ್ ಮೆತ್ತಿದರೆ ನೀರನ್ನು ಒಳಗೆ ಕೂಡಿಹಾಕಿದ ಹಾಗೆ. ಅಲ್ಲಿ ನಾನು ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಸ್ಪ್ರೇ ಹೊಡೆಯುತ್ತೇನೆ. ಅದು ಒಣಗುವುದಿಲ್ಲ, ಒಳಗೆ ಹರಿದು ಕೂರುತ್ತದೆ. ಸಂದಿಯೊಳಗೆ ಹೊಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್ ಕೂಡ ಆಗುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಮತ್ತೆ ಹೊಡೆಯಬೇಕು. ಎಪಾಕ್ಸಿ, ಪಿಯು ಎಲ್ಲ ಮುಗಿದ ಮೇಲೇ ಇದನ್ನು ಹಾಕಿ, ಜಿಡ್ಡಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ವೇಸ್ಟ್ ಎಂಜಿನ್ ಆಯಿಲ್ ಹೊಡೆಸಿ ಎಂದು ಹೇಳುವವರು ಸಿಗುತ್ತಾರೆ, ಬೇಡ. ರಬ್ಬರ್ ಬುಷ್ ಹಾಳಾಗುತ್ತದೆ, ನೆಲಕ್ಕೆ ತೊಟ್ಟಿಕ್ಕಿ ಬಾವಿ ನೀರಿಗೂ ಸೇರುತ್ತದೆ.

ಗಾಡಿ ಮತ್ತೆ ಮೀನು ಹೊರುವುದಾದರೆ, ಬಾಡಿ ಕೂರಿಸುವಾಗಲೇ ಐಸ್ ನೀರು ಒಂದು ಕಡೆ ಸೇರುವ ಹಾಗೆ ಮಾಡಿಸಿ. ಅಲ್ಲಿಂದ ಪೈಪಿನಲ್ಲಿ ಮುಚ್ಚಿದ ಟ್ಯಾಂಕಿಗೆ ಇಳಿಸಿ. ನಮ್ಮ ಗಾಡಿಗೆ ಅದನ್ನು ಮಾಡಿಸಿದ ಮೇಲೆ ಚಾಸಿಯ ಹಿಂದಿನ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಒಣಗಿ ಉಳಿದದ್ದನ್ನು ಮೊದಲ ಸಲ ನೋಡಿದೆ. ನಿಮ್ಮದರ ಆ ಭಾಗ ಹೇಗಿದೆ? ತೊಳೆದ ಮೇಲೆ ಒಂದು ಫೋಟೊ ಹಾಕಿ, ನೋಡಿ ಹೇಳುತ್ತೇನೆ.